ಕಿಲೋ ಲೆಕ್ಕ, ಬಾಟಲಿ ಲೆಕ್ಕ

ಬೆಂಗಳೂರಿನ ನಾಯಂಡಹಳ್ಳಿಯ ಒಂದು ಗುಜರಿ ಗೋಡೌನ್. ಮಾತಾಡುತ್ತಿರುವವರು ಇಬ್ಬರು: ಗೋಡೌನ್ ನಡೆಸುವ ಚಿಕ್ಕಪ್ಪ, ಮತ್ತು ತಂಪು ಪಾನೀಯದ ಕಂಪನಿಯೊಂದರಲ್ಲಿ ಪ್ಯಾಕೇಜಿಂಗ್ ವಿಭಾಗ ನೋಡಿಕೊಳ್ಳುವ ಅವರ ಅಣ್ಣನ ಮಗಳು.

ಮಗಳು: ಚಿಕ್ಕಪ್ಪ, ಈ ವರ್ಷ ನಮ್ಮ ಬಾಟಲಿಯ ತೂಕ ಮತ್ತೆ ಇಳಿಸಿದ್ದೀವಿ. ಮೊದಲಿಗಿಂತ ತೆಳು, ಆದ್ರೂ ಲಾರಿಯಲ್ಲಿ ಒಂದರ ಮೇಲೊಂದು ಪೇರಿಸಿದ್ರೆ ಕುಸಿಯಲ್ಲ. ಅಷ್ಟೇ ನೀರಿಗೆ ಕಡಿಮೆ ಪ್ಲಾಸ್ಟಿಕ್. ವಾರ್ಷಿಕ ವರದಿಯ ಮೊದಲ ಪುಟಕ್ಕೇ ಹಾಕ್ತಾರಂತೆ.

ಚಿಕ್ಕಪ್ಪ: ಹಾಕಲಿ, ಒಳ್ಳೇ ಕೆಲಸವೇ. ಆದ್ರೆ ಎರಡನೇ ಪುಟದಲ್ಲಿ ಇನ್ನೊಂದು ಮಾತು ಸೇರಿಸೋಕೆ ಹೇಳು. ಬಾಟಲಿ ತೂಕ ಇಳಿದಾಗಲೆಲ್ಲ ಅದನ್ನ ಆಯೋರ ಸಂಪಾದನೆಯೂ ಇಳಿಯುತ್ತೆ.

ಮಗಳು: ಅದು ಹೇಗೆ?

ಚಿಕ್ಕಪ್ಪ: ನಾನು ಕೊಳ್ಳೋದು ಕಿಲೋ ಲೆಕ್ಕದಲ್ಲಿ ಕಣಮ್ಮ. ಒಂದು ಲೀಟರಿನ ನೀರಿನ ಬಾಟಲಿ 40–50 ಸೇರಿದ್ರೆ ಒಂದು ಕಿಲೋ. ಮದುವೆ ಊಟದಲ್ಲಿ ಎಲೆಗೊಂದು ಇಡ್ತಾರಲ್ಲ 200 ಮಿಲಿಲೀಟರಿನ ಪುಟ್ಟ ಬಾಟಲಿ, ಅದಾದ್ರೆ 100ರ ಹತ್ತಿರ ಬೇಕು. ಚರಂಡಿ ಪಕ್ಕ ಬಿದ್ದಿರೋದು ದೊಡ್ಡದಾದ್ರೂ ಚಿಕ್ಕದಾದ್ರೂ ಬಗ್ಗಿ ಎತ್ತೋದು ಒಂದೇ ಸಲ. ಮುಚ್ಚಳ ತಿರುಗಿಸಬೇಕು, ಉಳಿದ ನೀರು ಚೆಲ್ಲಬೇಕು, ತುಳಿದು ಚಪ್ಪಟೆ ಮಾಡಿ ಚೀಲಕ್ಕೆ ತುಂಬಬೇಕು. ಅದೇ ಒಂದು ಕಿಲೋ ದುಡ್ಡಿಗೆ ಒಬ್ಬಳು 50 ಸಲ ಬಗ್ಗಿದ್ರೆ ಇನ್ನೊಬ್ಬಳು 100 ಸಲ ಬಗ್ಗಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರೋ ಹೆಂಗಸು ಯಾವುದನ್ನ ಎತ್ತಿಕೊಳ್ತಾಳೆ, ಯಾವುದನ್ನ ಬಿಟ್ಟು ಮುಂದೆ ಹೋಗ್ತಾಳೆ, ನೀನೇ ಹೇಳು.

ಮಗಳು: ಚಿಕ್ಕದನ್ನ ಬಿಡ್ತಾಳೆ.

ಚಿಕ್ಕಪ್ಪ: ಬಿಟ್ಟದ್ದು ರಾಜಕಾಲುವೆಗೆ ಹೋಗುತ್ತೆ. ಅಲ್ಲಿಂದ ವೃಷಭಾವತಿಗೆ. ನಮ್ಮ ಗೋಡೌನ್ ಹಿಂದೆಯೇ ಹರಿಯುತ್ತಲ್ಲ, ಜೋರು ಮಳೆ ಬಂದ ಮಾರನೇ ದಿನ ಸೇತುವೆ ಕೆಳಗೆ ಹೋಗಿ ನೋಡು, ಸಿಕ್ಕಿಕೊಂಡಿರೋದರಲ್ಲಿ ದೊಡ್ಡ ಬಾಟಲಿ ಕಡಿಮೆ. ಚಿಕ್ಕವು, ಮುಚ್ಚಳಗಳು, ಹರಿದ ಲೇಬಲ್‌ಗಳು. ತೂಕಕ್ಕೆ ಬಾರದೇ ಇರೋದೆಲ್ಲ ಅಲ್ಲಿ ಸೇರಿರುತ್ತೆ.

ಮಗಳು: ಆದ್ರೆ ಕಾನೂನು ಬಂದಿದೆ ಚಿಕ್ಕಪ್ಪ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಕ್ಕೆ 2022ರ ಫೆಬ್ರವರಿಯಲ್ಲಿ ಹೊಸ ಮಾರ್ಗಸೂಚಿ ಸೇರಿಸಿದ್ರು. ವಿಸ್ತರಿತ ಉತ್ಪಾದಕರ ಹೊಣೆಗಾರಿಕೆ ಅಂತ, ನಾವು ಆಫೀಸಲ್ಲಿ ಇಪಿಆರ್ ಅಂತೀವಿ. ನಾವು ಎಷ್ಟು ಟನ್ ಪ್ಲಾಸ್ಟಿಕ್ ಮಾರುಕಟ್ಟೆಗೆ ಬಿಡ್ತೀವೋ ಅದಕ್ಕೆ ತಕ್ಕಷ್ಟು ಟನ್ ಸಂಗ್ರಹವಾಗಿ ಮರುಬಳಕೆ ಆಗಿದೆ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪ್ರಮಾಣಪತ್ರ ತೋರಿಸಬೇಕು. ತೋರಿಸದಿದ್ರೆ ದಂಡ.

ಚಿಕ್ಕಪ್ಪ: ಆ ಟನ್ ನಿಮ್ಮ ಬಾಟಲಿಯೇ ಆಗಿರಬೇಕಾ?

ಮಗಳು: ಹಾಗೇನಿಲ್ಲ. ಗಡಸು ಪ್ಲಾಸ್ಟಿಕ್ಕಿನ ವರ್ಗಕ್ಕೆ ಸೇರಿದ್ದಾದ್ರೆ ಸಾಕು.

ಚಿಕ್ಕಪ್ಪ: ಅಂದ್ರೆ ಕಬಿನಿ ದಂಡೇಲಿ ಬಿದ್ದಿರೋ ನಿಮ್ಮ ಜ್ಯೂಸ್ ಬಾಟಲಿಯ ಲೆಕ್ಕವನ್ನ ಗುಜರಾತಿನ ಶಾಂಪೂ ಡಬ್ಬ ಚುಕ್ತಾ ಮಾಡಬಹುದು. ಕಬಿನಿ ದಂಡೇಲಿರೋದು ಅಲ್ಲೇ ಇರುತ್ತೆ.

ಮಗಳು: ಇಡೀ ದೇಶದ ಒಟ್ಟು ಲೆಕ್ಕ ಸರಿಹೋದ್ರೆ ಸಾಕು ಅನ್ನೋ ಯೋಚನೆ ಅದು. ಪ್ರತಿ ಬಾಟಲಿಯ ಹಿಂದೆ ಓಡೋಕಾಗಲ್ಲ ಅಂತ.

ಚಿಕ್ಕಪ್ಪ: ಆ ಒಟ್ಟು ಲೆಕ್ಕವಾದ್ರೂ ನೆಟ್ಟಗಿದ್ಯಾ? 2023ರಲ್ಲಿ ಮಂಡಳಿಯವರೇ ತಪಾಸಣೆ ಮಾಡಿದಾಗ ಏನು ಸಿಕ್ತು?

ಮಗಳು: ಸಿಕ್ತು. ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ಕೆಲವು ಘಟಕಗಳು 6 ಲಕ್ಷಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರ ಸೃಷ್ಟಿಸಿದ್ವು. ಯಂತ್ರದ ಸಾಮರ್ಥ್ಯವೇ ಅಷ್ಟಿಲ್ಲ, ಕಾಗದದ ಮೇಲೆ ಮಾತ್ರ ಟನ್‌ಗಟ್ಟಲೆ ಮರುಬಳಕೆ.

ಚಿಕ್ಕಪ್ಪ: ಅದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಇಲ್ಲಿ ಕೂತಿರೋ ಅಮ್ಮಂದಿರನ್ನ ನೋಡು. ಬೆರಳ ಸಂದೀಲಿ ಗಾಜು ಚುಚ್ಚಿ ಬಟ್ಟೆ ಕಟ್ಟಿಕೊಂಡಿದ್ದಾರೆ. ಇವರು ನಿಜವಾಗಿ ಆಯ್ದ ಬಾಟಲಿಗೆ ಕಂಪನಿ ಕಡೆಯಿಂದ ಒಂದು ಕಾಸೂ ಬರಲ್ಲ. ಬಾಟಲಿಯನ್ನೇ ನೋಡದೆ ಕಂಪ್ಯೂಟರಲ್ಲಿ ಅಂಕಿ ಒತ್ತಿದವರಿಗೆ ಕಂಪನಿಯ ದುಡ್ಡು ಹೋಗುತ್ತೆ. ಹೀಗಿರೋವಾಗ ಇದನ್ನ ವ್ಯವಸ್ಥೆ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಮಗಳು: ಅಲ್ಲಿಗೇ ನಿಲ್ಲಿಸಬೇಡಿ ಚಿಕ್ಕಪ್ಪ. ಅದೇ ಮಾರ್ಗಸೂಚಿಯಲ್ಲಿ ನಿಮಗೆ ಅನುಕೂಲವಾಗೋದೂ ಒಂದಿದೆ. ಹೊಸ ಬಾಟಲಿಯಲ್ಲಿ ಹಳೆ ಪ್ಲಾಸ್ಟಿಕ್ ಇಷ್ಟು ಇರಲೇಬೇಕು ಅಂತ. 2025–26ಕ್ಕೆ 30%, ಆಮೇಲೆ ವರ್ಷಕ್ಕೆ ಹತ್ತತ್ತು ಏರಿ 2028–29ಕ್ಕೆ 60%. ಮೊದಲೆಲ್ಲ ನಿಮ್ಮ ಬಾಟಲಿ ಎಲ್ಲಿಗೆ ಹೋಗ್ತಿತ್ತು?

ಚಿಕ್ಕಪ್ಪ: ದಾರಕ್ಕೆ. ಪಾಲಿಯೆಸ್ಟರ್ ನೂಲು, ದಿಂಬಿನೊಳಗಿನ ತುಂಬು, ಕಾರ್ಪೆಟ್ಟು. ಬಾಟಲಿ ಒಂದು ಸಲ ದಾರ ಆಯ್ತು ಅಂದ್ರೆ ಮುಗೀತು, ಆ ದಾರದಿಂದ ಇನ್ನೊಂದು ಬಾಟಲಿ ಮಾಡೋರನ್ನ ಈ ಕಡೆ ನಾನಂತೂ ನೋಡಿಲ್ಲ.

ಮಗಳು: ಹಳೆ ಬಾಟಲಿಯಿಂದ ಆಹಾರ ಮುಟ್ಟೋ ಬಾಟಲಿ ಮಾಡೋಕೆ ನಮ್ಮ ದೇಶದಲ್ಲಿ ಒಪ್ಪಿಗೆಯೇ ಇರಲಿಲ್ಲ. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದಾರಿ ಬಿಟ್ಟುಕೊಟ್ಟ ಮೇಲೆ 2023ರಲ್ಲಿ ಕೋಕ-ಕೋಲಾ, ಪೆಪ್ಸಿ ಎರಡೂ ಕೆಲವು ಬಾಟಲಿಗಳನ್ನ ಪೂರ್ತಿ ಹಳೆ ಪ್ಲಾಸ್ಟಿಕ್ಕಿನಿಂದಲೇ ಮಾಡಿ ಬಿಟ್ಟವು. ಈಗ ಎಲ್ಲರಿಗೂ ಶುದ್ಧವಾದ, ಬಣ್ಣ ಇಲ್ಲದ ಬಾಟಲಿ ಬೇಕು. ನಿಮಗೆ ಬೆಲೆ ಸಿಗಬೇಕಲ್ಲ?

ಚಿಕ್ಕಪ್ಪ: ಬಿಳಿ ಮಾಲಿಗೆ ಸಿಗ್ತಿದೆ, ಸುಳ್ಳು ಹೇಳಲ್ಲ. ಆದ್ರೆ ಆ ಬಿಳಿ ಮಾಲನ್ನ ಕೆಡಿಸೋರೇ ನೀವು. ಬಾ ಇಲ್ಲಿ, ಈ ರಾಶಿ ನೋಡು. ಬಾಟಲಿಗೆ ಕುತ್ತಿಗೆಯಿಂದ ತಳದವರೆಗೂ ಬಿಗಿಯಾದ ಅಂಗಿ ತೊಡಿಸಿದ್ದಾರೆ. ಬಣ್ಣಬಣ್ಣದ ಹಣ್ಣಿನ ಚಿತ್ರ. ಹರಿದು ತೆಗೆಯೋಕೆ ಉಗುರಿಗೆ ಸಿಗಲ್ಲ, ಬ್ಲೇಡ್ ಹಾಕಿ ಸೀಳಬೇಕು. ಒಂದೊಂದಕ್ಕೂ.

ಮಗಳು: ಅದು ಶ್ರಿಂಕ್ ಸ್ಲೀವ್. ಅಂಗಡೀಲಿ ಎದ್ದು ಕಾಣಲಿ ಅಂತ ಮಾರ್ಕೆಟಿಂಗಿನವರು ಹಾಕಿಸ್ತಾರೆ.

ಚಿಕ್ಕಪ್ಪ: ಅದು ಯಾವ ಪ್ಲಾಸ್ಟಿಕ್?

ಮಗಳು: ಎಷ್ಟೋ ಸಲ ಪಿವಿಸಿ.

ಚಿಕ್ಕಪ್ಪ: ಅಲ್ಲಿದೆ ತೊಂದರೆ. ಬಾಟಲಿ ತೊಳೆಯೋ ಘಟಕಕ್ಕೆ ಒಂದು ಸಲ ಹೋಗಿ ನೋಡು. ಬಾಟಲಿಯನ್ನ ಚೂರು ಮಾಡಿ ಕಾಸ್ಟಿಕ್ ಸೋಡ ಹಾಕಿದ ಬಿಸಿ ನೀರಲ್ಲಿ ಕುದಿಸಿದ ಹಾಗೆ ತೊಳೀತಾರೆ, ಅಂಟೆಲ್ಲ ಬಿಡುತ್ತೆ. ಆಮೇಲೆ ನೀರಿನ ತೊಟ್ಟಿ. ಮುಚ್ಚಳದ ಚೂರು ಹಗುರ, ತೇಲುತ್ತೆ, ಮೇಲಿಂದ ಬಾಚಿ ತೆಗೀತಾರೆ. ಬಾಟಲಿ ಪೆಟ್ ಅನ್ನೋ ಪ್ಲಾಸ್ಟಿಕ್ಕಿಂದು, ಅದರ ಚೂರು ಭಾರ, ಮುಳುಗುತ್ತೆ. ಯಾವ ಯಂತ್ರವೂ ಬೇಡ, ನೀರೇ ಬೇರೆ ಮಾಡಿಕೊಡುತ್ತೆ. ಆದ್ರೆ ಪಿವಿಸಿಯ ಚೂರೂ ಪೆಟ್ ಜೊತೆಗೇ ಮುಳುಗುತ್ತೆ.

ಮಗಳು: ಎರಡರ ಸಾಂದ್ರತೆ ಹೆಚ್ಚುಕಡಿಮೆ ಒಂದೇ.

ಚಿಕ್ಕಪ್ಪ: ಆಮೇಲೆ ಕರಗಿಸೋವಾಗ ನೋಡು. ಪೆಟ್ ಕರಗಬೇಕಾದ್ರೆ 250 ಡಿಗ್ರಿ ದಾಟಬೇಕು. ಅಷ್ಟು ಬಿಸಿಗೆ ಪಿವಿಸಿ ಸುಟ್ಟು ಹೋಗುತ್ತೆ.

ಮಗಳು: ಸುಡೋದಷ್ಟೇ ಅಲ್ಲ, ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತೆ. ಅದು ಪೆಟ್‌ನ ಉದ್ದನೆಯ ಸರಪಳಿಗಳನ್ನ ಕತ್ತರಿಸುತ್ತೆ. ಪ್ಲಾಸ್ಟಿಕ್ ಹಳದಿಗೆ ತಿರುಗುತ್ತೆ, ಕಪ್ಪು ಚುಕ್ಕೆ ಬರುತ್ತೆ, ಬಲ ಹೋಗುತ್ತೆ. ಒಂದು ಲೋಡಿಗೆ ಚಿಟಿಕೆಯಷ್ಟು ಸೇರಿದ್ರೂ ಸಾಕು, ಬಾಟಲಿ ದರ್ಜೆಯಿಂದ ಕೆಳಗಿಳಿಯುತ್ತೆ.

ಚಿಕ್ಕಪ್ಪ: ಹಾಗಾದ್ರೆ ಮೊದಲೇ ಗೊತ್ತಿತ್ತು ನಿಮಗೆ.

ಮಗಳು: ಪ್ಯಾಕೇಜಿಂಗ್ ಕಲಿತವರಿಗೆಲ್ಲ ಗೊತ್ತು. ಕಾಗದದ್ದೋ ತೇಲೋ ಪ್ಲಾಸ್ಟಿಕ್ಕಿನದೋ ಸಣ್ಣ ಪಟ್ಟಿ, ಬಿಸಿ ನೀರಿಗೆ ಬಿಡೋ ಅಂಟು, ಬಣ್ಣ ಇಲ್ಲದ ಬಾಟಲಿ. ಇಷ್ಟು ಮಾಡಿದ್ರೆ ಮುಕ್ಕಾಲು ಕೆಲಸ ಮುಗಿದಂತೆ. ಸ್ಪ್ರೈಟ್ ಬಾಟಲಿ ಹಸಿರು ಬಣ್ಣದಲ್ಲೇ ಹುಟ್ಟಿದ್ದು. 2022ರಲ್ಲಿ ಅಮೆರಿಕದಲ್ಲಿ ಅದರ ಹಸಿರು ಬಿಡಿಸಿ ಬಿಳಿ ಮಾಡಿದ್ರು. ಹಸಿರು ಬಾಟಲಿಯಿಂದ ಇನ್ನೊಂದು ಬಿಳಿ ಬಾಟಲಿ ಮಾಡೋಕಾಗಲ್ಲ ಅನ್ನೋ ಒಂದೇ ಕಾರಣಕ್ಕೆ. ಯೂರೋಪಿನಲ್ಲಿ 2024ರ ಜುಲೈಯಿಂದ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕು, ಕೈಗೆ ಬರಬಾರದು ಅಂತ ನಿಯಮ. ಕುಡಿಯೋರಿಗೆ ಮೂಗಿಗೆ ತಗುಲುತ್ತೆ ಅಂತ ಗೊಣಗಿದ್ರು, ಈಗ ಅಭ್ಯಾಸವಾಗಿದೆ. ಈ ಸುಧಾರಣೆಗಳಿಗೆ ದೊಡ್ಡ ಖರ್ಚಿಲ್ಲ ಚಿಕ್ಕಪ್ಪ. ಯಾರಾದ್ರೂ ಹೇಳಿದ್ರೆ ಆಗುತ್ತೆ.

ಚಿಕ್ಕಪ್ಪ: ನೀನು ಹೇಳು.

ಮಗಳು: ಹೇಳ್ತೀನಿ. ಸ್ಲೀವ್ ವಿಷಯ ಈ ವರ್ಷವೇ ಹೇಳ್ತೀನಿ.

ಚಿಕ್ಕಪ್ಪ: ಸರಿ, ಬಾಟಲಿ ಚೊಕ್ಕಟವಾಗಿ ಮಾಡಿದ್ರಿ ಅಂತಿಟ್ಕೊ. ನನ್ನ ಮೊದಲ ಮಾತು ಹಾಗೇ ಉಳೀತಲ್ಲ. ನಿಮ್ಮ ಲೆಕ್ಕ ಟನ್ನು, ನನ್ನ ಲೆಕ್ಕ ಕಿಲೋ. ನೀವು ಮಾರೋದು ಮಾತ್ರ ಬಾಟಲಿ ಲೆಕ್ಕದಲ್ಲಿ. ಕೆರೆಗೆ ಬೀಳೋದೂ ಬಾಟಲಿ ಲೆಕ್ಕದಲ್ಲೇ. ವಾಪಸ್ ತರೋವಾಗ ಮಾತ್ರ ಯಾಕೆ ತಕ್ಕಡಿಗೆ ಹಾಕಬೇಕು?

ಮಗಳು: ನೀವು ಠೇವಣಿ ಬಗ್ಗೆ ಹೇಳ್ತಿದ್ದೀರ.

ಚಿಕ್ಕಪ್ಪ: ನಾನು ಹುಡುಗನಾಗಿದ್ದಾಗ ಅಂಗಡೀಲಿ ಗೋಲ್ಡ್ ಸ್ಪಾಟ್ ಕೊಂಡ್ರೆ ಅಲ್ಲೇ ನಿಂತು ಕುಡೀಬೇಕಿತ್ತು. ಮನೆಗೆ ಒಯ್ಯೋದಾದ್ರೆ ಬಾಟಲಿಗೆ ಬೇರೆ ದುಡ್ಡು ಇಡಬೇಕಿತ್ತು. ನಿಮ್ಮಪ್ಪ, ನಾನು ಊರ ಜಾತ್ರೆ ಮುಗಿದ ಮೇಲೆ ಖಾಲಿ ಬಾಟಲಿ ಹುಡುಕಿಕೊಂಡು ಹೋಗ್ತಿದ್ವಿ. ಒಂದೂ ಉಳೀತಿರಲಿಲ್ಲ, ನಮಗಿಂತ ಮೊದಲೇ ಯಾರೋ ಎತ್ತಿಕೊಂಡಿರ್ತಿದ್ರು. ಗೋಲಿ ಸೋಡದ ಬಾಟಲಿ ಅಂತೂ ವರ್ಷಗಟ್ಟಲೆ ಅದೇ ಊರಲ್ಲಿ ಸುತ್ತುತಿತ್ತು. ಬಾಟಲಿಗೆ ಬೆಲೆ ಇದ್ದಾಗ ಯಾರೂ ಬಿಸಾಕ್ತಿರಲಿಲ್ಲ. ಜನ ಆಗ ಹೆಚ್ಚು ಒಳ್ಳೆಯವರಾಗಿದ್ರು ಅಂತ ನಾನು ಹೇಳಲ್ಲ.

ಮಗಳು: ಜರ್ಮನಿ ಅದನ್ನೇ ಪ್ಲಾಸ್ಟಿಕ್ ಬಾಟಲಿಗೆ ಮಾಡಿದೆ. 2003ರಿಂದ ಒಂದು ಸಲ ಬಳಸೋ ಬಾಟಲಿಗೂ ಕ್ಯಾನಿಗೂ ಠೇವಣಿ, ಈಗ 25 ಸೆಂಟ್. ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಖಾಲಿ ಬಾಟಲಿ ಹಾಕಿದ್ರೆ ದುಡ್ಡು ವಾಪಸ್. ಬರ್ಲಿನ್‌ನಲ್ಲಿರೋ ನನ್ನ ಗೆಳತಿ ಹೇಳ್ತಾಳೆ, ಯಂತ್ರದವರೆಗೆ ಹೋಗೋಕೆ ಬೇಜಾರಾದವರು ಬಾಟಲಿಯನ್ನ ಕಸದ ಬುಟ್ಟಿ ಒಳಗೆ ಹಾಕಲ್ಲ, ಪಕ್ಕದಲ್ಲಿ ನಿಲ್ಲಿಸಿ ಹೋಗ್ತಾರಂತೆ. ಆಯೋರು ಕೈ ಕೊಳೆ ಮಾಡಿಕೊಳ್ಳದೆ ಎತ್ತಿಕೊಳ್ಳಲಿ ಅಂತ.

ಚಿಕ್ಕಪ್ಪ: ನೋಡು, ಆ ಒಂದು ಬಾಟಲಿಗೆ ಅವರಿಗೆ ಸಿಗೋದು 25 ಸೆಂಟ್. ಚಿಕ್ಕದಾದ್ರೂ ಅಷ್ಟೇ, ದೊಡ್ಡದಾದ್ರೂ ಅಷ್ಟೇ. ತಕ್ಕಡಿ ಇಲ್ಲ.

ಮಗಳು: ನಾರ್ವೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿದ್ದಾರೆ. ಅಲ್ಲಿ ಪ್ರತಿ ಬಾಟಲಿಗೆ ಕಂಪನಿ ಸರ್ಕಾರಕ್ಕೆ ಪರಿಸರ ತೆರಿಗೆ ಕಟ್ಟಬೇಕು. ಎಷ್ಟು ಬಾಟಲಿ ವಾಪಸ್ ಬಂತು ಅನ್ನೋದರ ಮೇಲೆ ತೆರಿಗೆ ಇಳೀತಾ ಹೋಗುತ್ತೆ. ವಾಪಸಾತಿ 95% ಮುಟ್ಟಿದ್ರೆ ತೆರಿಗೆ ಸೊನ್ನೆ. ಹಾಗಾಗಿ ಬಾಟಲಿ ವಾಪಸ್ ತರೋಕೆ ಕಂಪನಿಗಳೇ ಸೇರಿ ಒಂದು ಸಂಸ್ಥೆ ಕಟ್ಟಿಕೊಂಡಿವೆ, ಇನ್ಫಿನಿಟಮ್ ಅಂತ. ನಮ್ಮ ಮೀಟಿಂಗಲ್ಲಿ ಇದನ್ನ ಹೇಳಿದ್ರೆ ಒಂದೇ ಉತ್ತರ, ಅದು 55 ಲಕ್ಷ ಜನರ ದೇಶ, ಇಲ್ಲಿ ನಡೆಯಲ್ಲ.

ಚಿಕ್ಕಪ್ಪ: ಇಲ್ಲಿ ನಡೆದಿಲ್ವಾ? ಬಂಡೀಪುರ ದಾಟಿ ಊಟಿಗೆ ಹೋಗಿದ್ದೀಯಲ್ಲ, ಕಕ್ಕನಹಳ್ಳ ಚೆಕ್‌ಪೋಸ್ಟಲ್ಲಿ ಏನು ಮಾಡಿದ್ರು?

ಮಗಳು: ನೀರಿನ ಬಾಟಲಿಗಳನ್ನ ಕಿತ್ಕೊಂಡ್ರು. 2019ರಿಂದ ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ. ಬದಲಿಗೆ ರಸ್ತೆ ಬದೀಲಿ ನಾಣ್ಯ ಹಾಕಿ ನೀರು ತುಂಬಿಸಿಕೊಳ್ಳೋ ಯಂತ್ರ ಇಟ್ಟಿದ್ದಾರೆ.

ಚಿಕ್ಕಪ್ಪ: ಅದೇ ನೀಲಗಿರಿಯಲ್ಲಿ ಮದ್ಯದ ಗಾಜಿನ ಬಾಟಲಿ ಒಡೆದು ಕಾಡಾನೆಗಳ ಕಾಲಿಗೆ ಚುಚ್ತಿತ್ತು. ಮದ್ರಾಸ್ ಹೈಕೋರ್ಟ್ ಬಿಗಿ ಮಾಡಿದ ಮೇಲೆ 2022ರಲ್ಲಿ ತಮಿಳುನಾಡು ಸರ್ಕಾರದ ಟಾಸ್ಮಾಕ್ ಮದ್ಯದ ಅಂಗಡಿಗಳು ಬಾಟಲಿ ಮೇಲೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ತಂದವರಿಗೆ ಹಿಂದಿರುಗಿಸೋಕೆ ಶುರು ಮಾಡಿದ್ವು. ಬಹುಪಾಲು ಬಾಟಲಿ ವಾಪಸ್ ಬಂದವು. ಕುಡಿದವನೇ ತರಬೇಕು ಅಂತೇನಿಲ್ಲ, ಕಾಡಂಚಲ್ಲಿ ಬಿದ್ದದ್ದನ್ನ ಯಾರು ತಂದ್ರೂ ಆಯ್ತು.

ಮಗಳು: ಕೇದಾರನಾಥದಲ್ಲೂ ಅದೇ ವರ್ಷ. ಪ್ಲಾಸ್ಟಿಕ್ ಬಾಟಲಿಗೇ ಕ್ಯೂಆರ್ ಚೀಟಿ ಅಂಟಿಸಿ 10 ರೂಪಾಯಿ ಠೇವಣಿ. ಕೇರಳದಲ್ಲಿ 2025ರಲ್ಲಿ ಮದ್ಯದ ಬಾಟಲಿಗೆ 20 ರೂಪಾಯಿ ಅಂತ ತಿರುವನಂತಪುರ, ಕಣ್ಣೂರು ಕಡೆ ಪ್ರಯೋಗ ಶುರು ಮಾಡಿದ್ರು, ಅದರಲ್ಲಿ ಪ್ಲಾಸ್ಟಿಕ್ ಬಾಟಲಿಯೂ ಸೇರಿದೆ. ಆದ್ರೆ ಚಿಕ್ಕಪ್ಪ, ತಮಿಳುನಾಡು, ಕೇರಳದಲ್ಲಿ ಮದ್ಯ ಮಾರೋದು ಸರ್ಕಾರದ ಅಂಗಡಿ. ಎಣಿಸಿದಷ್ಟು ಅಂಗಡಿ. ನಮ್ಮ ನೀರಿನ ಬಾಟಲಿ ಪೆಟ್ಟಿ ಅಂಗಡಿಯಿಂದ ಹಿಡಿದು ರೈಲು ನಿಲ್ದಾಣದವರೆಗೆ ಎಲ್ಲೆಲ್ಲೂ ಮಾರಾಟ ಆಗುತ್ತೆ. ಆರಡಿ ಅಗಲದ ಅಂಗಡಿಯವರು ಖಾಲಿ ಬಾಟಲಿ ಎಲ್ಲಿ ಇಟ್ಟುಕೊಳ್ಳಬೇಕು? 10 ರೂಪಾಯಿಯ ಬಾಟಲಿಗೆ 2 ರೂಪಾಯಿ ಠೇವಣಿ ಸೇರಿಸಿದ್ರೆ, ಸೇರಿಸದೇ ಇರೋ ಪಕ್ಕದ ತಾಲೂಕಿನ ಸಣ್ಣ ಬ್ರ್ಯಾಂಡ್ ನಮ್ಮ ಗಿರಾಕಿ ಕಿತ್ಕೊಳ್ಳುತ್ತೆ. 2024ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 84 ದೇಶಗಳಲ್ಲಿ ಸ್ವಯಂಸೇವಕರು ಹೆಕ್ಕಿದ ಪ್ಲಾಸ್ಟಿಕ್ ಕಸದ ಲೆಕ್ಕ. ಹೆಸರಿದ್ದ ತುಣುಕುಗಳಲ್ಲಿ 11% ಕೋಕ-ಕೋಲಾದ್ದು, ಅದನ್ನೇ ಎಲ್ಲರೂ ಬರೆದ್ರು. ಅರ್ಧಕ್ಕಿಂತ ಹೆಚ್ಚು ತುಣುಕಿನ ಮೇಲೆ ಯಾರ ಹೆಸರೂ ಇರಲಿಲ್ಲ.

ಚಿಕ್ಕಪ್ಪ: ಆ ಕಾರಣಕ್ಕೇ ಎಲ್ಲರಿಗೂ ಒಂದೇ ದಿನ, ಒಂದೇ ಮೊತ್ತ ಅಂತ ಸರ್ಕಾರ ತರಬೇಕು ಅನ್ನೋದು. ಒಂದು ಕಂಪನಿ ತಾನಾಗಿ ಮಾಡಿದ್ರೆ ಸೋಲುತ್ತೆ, ಒಪ್ಪಿದೆ. ಇನ್ನು ಜಾಗದ ಮಾತು. ಪೆಟ್ಟಿ ಅಂಗಡಿಯವನಿಗೆ ಯಾಕೆ ಆ ಭಾರ? ಜಾಲಿ ಮೊಹಲ್ಲಾದಿಂದ ನಾಯಂಡಹಳ್ಳಿವರೆಗೆ ಎಷ್ಟು ಗುಜರಿ ಅಂಗಡಿ ಇಲ್ಲ? ವಾರ್ಡ್‌ಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳಿವೆ, ಎಷ್ಟೋ ಕಡೆ ಮೊದಲು ಬೀದೀಲಿ ಕಸ ಆಯ್ತಿದ್ದೋರೇ ಅವನ್ನ ನಡೆಸ್ತಿದ್ದಾರೆ. ಬಾಟಲಿ ಎಲ್ಲಿ ಬಂದು ಸೇರಬೇಕೋ ಅಲ್ಲಿಗೆ ಅದು ಈಗಾಗಲೇ ಬರ್ತಿದೆ. ಅಲ್ಲೇ ಠೇವಣಿ ವಾಪಸ್ ಕೊಡೋ ಹಾಗೆ ಮಾಡಿ.

ಮಗಳು: ನೀವು ಇದನ್ನ ಬಯಸ್ತೀರ ಅಂತ ನಾನು ಅಂದುಕೊಂಡಿರಲಿಲ್ಲ. ಠೇವಣಿ ಬಂದ್ರೆ ನಿಮ್ಮ ವ್ಯಾಪಾರವೇ ಹೋಗಬಹುದು. ಮಾಲ್‌ಗಳಲ್ಲಿ ಯಂತ್ರ ಇಡ್ತಾರೆ, ದೊಡ್ಡ ಗುತ್ತಿಗೆದಾರರು ಬರ್ತಾರೆ, ಬಾಟಲಿ ನೇರ ಅವರ ಲಾರಿಗೆ ಹೋಗುತ್ತೆ. ಇವರ ಚೀಲಕ್ಕೆ ಏನು ಉಳಿಯುತ್ತೆ?

ಚಿಕ್ಕಪ್ಪ: ಅದು ನನ್ನ ತಲೇಲೂ ಇದೆ. ಬಾಟಲಿ ಅಂದ್ರೆ ನಮಗೆ ಅನ್ನ. ಉಳಿದ ಪ್ಲಾಸ್ಟಿಕ್ಕಿಗೆ ಬೆಲೆಯೇ ಇಲ್ಲ. ಚಿಪ್ಸ್ ಕವರ್, ಪಾನ್ ಮಸಾಲ ಸ್ಯಾಷೆ, ಇವನ್ನ ಯಾರೂ ಮೂಸಲ್ಲ. ಬಾಟಲಿ ಕೈ ತಪ್ಪಿದ್ರೆ ಆಯೋರು ಕಸದ ಕಡೆಗೇ ಬರಲ್ಲ, ಆಗ ಉಳಿದ ಕಸವೂ ಅಲ್ಲೇ ಕೊಳೆಯುತ್ತೆ. ಆದ್ದರಿಂದ ಠೇವಣಿ ಬೇಕು, ಜೊತೆಗೆ ಇವರು ಅದರೊಳಗೆ ಇರಬೇಕು. 2011ರ ಹೊತ್ತಿಗೆ ಬೆಂಗಳೂರು ಪಾಲಿಕೆ ಚಿಂದಿ ಆಯೋರಿಗೆ ಗುರುತಿನ ಚೀಟಿ ಕೊಡೋಕೆ ಶುರು ಮಾಡ್ತು. ಹಸಿರು ದಳದಂಥ ಸಂಘಟನೆಯವರು ಬೆನ್ನು ಹತ್ತಿ ಮಾಡಿಸಿದ ಕೆಲಸ ಅದು. ಅದಕ್ಕೆ ಮೊದಲು ಚೀಲ ಹೊತ್ತುಕೊಂಡು ಹೋದ್ರೆ ಪೊಲೀಸರು ಕಳ್ಳರು ಅಂತ ಹಿಡೀತಿದ್ರು. ಆ ಚೀಟಿ ತೋರಿಸಿದ ಕೂಡಲೇ ಎಷ್ಟೇ ಬಾಟಲಿ ತಂದಿದ್ರೂ ತಗೋಬೇಕು. ದಿನಕ್ಕೆ ಇಂತಿಷ್ಟೇ ಅನ್ನೋ ಮಿತಿ ಇರಬಾರದು. ಯಂತ್ರ ಒಂದೊಂದೇ ಬಾಟಲಿ ನುಂಗುತ್ತೆ, ಇವರು ತರೋದು ಚೀಲಗಟ್ಟಲೆ.

ಮಗಳು: ಇಷ್ಟೆಲ್ಲ ಆದ್ರೂ ಅದು ಮರುಬಳಕೆಯೇ ಚಿಕ್ಕಪ್ಪ. ಒಡೆದು, ತೊಳೆದು, ಕರಗಿಸಿ, ಮತ್ತೆ ಊದಬೇಕು. ಪ್ರತಿ ಸುತ್ತಿಗೂ ಕರೆಂಟು, ನೀರು. ನನಗೆ ನಿಜವಾಗಿ ಕಾಡೋದು, ಮತ್ತೆ ತುಂಬಿಸೋ ಬಾಟಲಿ ಯಾಕೆ ನಿಂತುಹೋಯ್ತು ಅನ್ನೋದು. ಕೋಕ-ಕೋಲಾ 2022ರಲ್ಲಿ ಒಂದು ಗುರಿ ಇಟ್ಟುಕೊಂಡಿತ್ತು, 2030ರ ಹೊತ್ತಿಗೆ ತನ್ನ ಪಾನೀಯದಲ್ಲಿ ಕಾಲು ಭಾಗ ಮತ್ತೆ ತುಂಬಿಸೋ ಬಾಟಲಿ, ಲೋಟಗಳಲ್ಲಿ ಮಾರ್ತೀವಿ ಅಂತ. 2024ರ ಡಿಸೆಂಬರಿನಲ್ಲಿ ಹೊಸ ಗುರಿಗಳ ಪಟ್ಟಿ ಬಂತು. ಅದರಲ್ಲಿ ಆ ಕಾಲು ಭಾಗದ ಮಾತೇ ಇಲ್ಲ. ಓದಿದಾಗ ಸಂಕಟ ಆಯ್ತು. ನಮ್ಮಂಥ ಚಿಕ್ಕ ಕಂಪನಿಗಳು ಅವರನ್ನೇ ನೋಡಿಕೊಂಡು ಹೆಜ್ಜೆ ಇಡೋದು.

ಚಿಕ್ಕಪ್ಪ: ನಮ್ಮ ಸರ್ಕಾರ ಏನು ಹೇಳುತ್ತೆ?

ಮಗಳು: ಹೇಳುತ್ತೆ. 4.9 ಲೀಟರ್ ಮೇಲಿನ ಡಬ್ಬಗಳಲ್ಲಿ 2025–26ಕ್ಕೆ 70% ಮತ್ತೆ ತುಂಬಿಸಬೇಕು. ಅದು ಸುಲಭ, ಮನೆ ಮನೆಗೆ ಬರೋ 20 ಲೀಟರ್ ಕ್ಯಾನ್ ಮೊದಲಿಂದಲೂ ಹಾಗೇ ಓಡಾಡ್ತಿದೆ. 0.9 ಲೀಟರಿನಿಂದ 4.9 ಲೀಟರಿನವರೆಗೆ 10%, ಅಲ್ಲಿಂದ ಮೂರು ವರ್ಷಕ್ಕೆ 25%. ಆಮೇಲೆ ಪಟ್ಟಿ ಮುಗಿಯುತ್ತೆ.

ಚಿಕ್ಕಪ್ಪ: 0.9 ಲೀಟರಿಗಿಂತ ಚಿಕ್ಕದಕ್ಕೆ?

ಮಗಳು: ಮತ್ತೆ ತುಂಬಿಸೋ ಕಡ್ಡಾಯ ಇಲ್ಲ.

ಚಿಕ್ಕಪ್ಪ: ಅರ್ಧ ಲೀಟರ್, ಕಾಲು ಲೀಟರ್, ಮದುವೆ ಬಾಟಲಿ. ಯಾವುದನ್ನ ಆಯೋರೂ ಬಿಡ್ತಾರೋ ಅದನ್ನೇ ಕಾನೂನೂ ಬಿಡ್ತು. ಗಾಜಿನ ಕಾಲದಲ್ಲಿ ಅಷ್ಟೂ ಬಾಟಲಿ 200, 300 ಮಿಲಿಲೀಟರಿನವೇ ಆಗಿದ್ವಲ್ಲ? ಅವೆಲ್ಲ ವಾಪಸ್ ಬಂದು ತುಂಬಿಸಿಕೊಂಡು ಹೋಗ್ತಿದ್ವು. ಚಿಕ್ಕ ಬಾಟಲಿಗೆ ಆಗಲ್ಲ ಅನ್ನೋದಾದ್ರೆ ಆಗ ಹೇಗಾಯ್ತು?

ಮಗಳು: ಆಗ ಬಾಟ್ಲಿಂಗ್ ಘಟಕ ಹತ್ತಿರ ಇರ್ತಿತ್ತು, ಪಾನೀಯ ಇಳಿಸಿದ ಲಾರಿಯೇ ಖಾಲಿ ಕ್ರೇಟ್ ತುಂಬಿಕೊಂಡು ಹೋಗ್ತಿತ್ತು. ಗಾಜಿಂದು ತೊಂದರೆ ಅಂದ್ರೆ ತೂಕ. ಒಳಗಿನ ಪಾನೀಯದಷ್ಟೇ ಭಾರ ಗಾಜೂ ಇರುತ್ತೆ. ಬೆಂಗಳೂರಲ್ಲಿ ತುಂಬಿ ಬೀದರಿಗೆ ಕಳಿಸಿ ವಾಪಸ್ ತರಿಸಿದ್ರೆ ಡೀಸೆಲ್ಲೇ ಸುಡುತ್ತೆ. ಹತ್ತಿರದಲ್ಲೇ ಸುತ್ತೋದಾದ್ರೆ ಮಾತ್ರ ಲಾಭ. ಇನ್ನೊಂದು, ಪ್ರತಿ ಕಂಪನಿಗೂ ತನ್ನದೇ ಆಕಾರದ ಬಾಟಲಿ ಬೇಕು. ಯಾರದ್ದು ಯಾರಿಗೆ ಅಂತ ವಿಂಗಡಿಸೋದರಲ್ಲೇ ಸಾಕಾಗುತ್ತೆ. ಜರ್ಮನಿಯಲ್ಲಿ 1969ರಲ್ಲಿ ನೀರಿನ ಕಂಪನಿಗಳೆಲ್ಲ ಸೇರಿ ಒಂದೇ ಅಚ್ಚಿನ 0.7 ಲೀಟರ್ ಗಾಜಿನ ಬಾಟಲಿ ಒಪ್ಪಿಕೊಂಡವು. ಯಾವ ಕಂಪನಿಯ ಖಾಲಿ ಬಾಟಲಿಯನ್ನಾದ್ರೂ ಹತ್ತಿರದ ಘಟಕ ತೊಳೆದು ತನ್ನ ಚೀಟಿ ಅಂಟಿಸಿ ತುಂಬಬಹುದು. ಒಂದೊಂದು ಬಾಟಲಿ 40ಕ್ಕೂ ಹೆಚ್ಚು ಸಲ ಸುತ್ತುತ್ತೆ.

ಚಿಕ್ಕಪ್ಪ: ಬಿಯರ್ ಬಾಟಲಿ ಇಲ್ಲಿ ಇವತ್ತಿಗೂ ಹಾಗೇ ಸುತ್ತುತ್ತೆ. ನನ್ನ ಗೋಡೌನಿನಲ್ಲಿ ಅದನ್ನ ತಕ್ಕಡಿಗೆ ಹಾಕಲ್ಲ, ಎಣಿಸಿ ದುಡ್ಡು ಕೊಡ್ತೀನಿ. ಒಂದಾದ್ರೂ ರಸ್ತೇಲಿ ಬಿದ್ದಿರೋದು ನೋಡಿದ್ದೀಯಾ? ಒಡೆದ ಚೂರು ಇರಬಹುದು, ಇಡೀ ಬಾಟಲಿ ಇರಲ್ಲ.

ಮಗಳು: ನಿಜ. ಎಣಿಸೋ ಮಾಲು ಅದೊಂದೇ ಉಳಿದಿದೆ.

ಚಿಕ್ಕಪ್ಪ: ಹಾಗಾದ್ರೆ ಎಲ್ಲಿಂದ ಶುರು ಮಾಡ್ತೀಯ? ದೇಶಕ್ಕೆಲ್ಲ ಠೇವಣಿ ಬರೋದು ನಿನ್ನ ಕೈಲಿಲ್ಲ, ನನ್ನ ಕೈಲೂ ಇಲ್ಲ. ನಿನ್ನ ಕೈಲಿರೋದು ಹೇಳು.

ಮಗಳು: ಕಲ್ಯಾಣ ಮಂಟಪ. ಆ ಪುಟ್ಟ ಬಾಟಲಿ ಹೆಚ್ಚು ಹೋಗೋದು ಅಲ್ಲಿಗೆ. ಜನ ಅರ್ಧ ಕುಡಿದು ಎಲೆ ಪಕ್ಕ ಬಿಟ್ಟು ಏಳ್ತಾರೆ. ಅಲ್ಲಿ ಊಟ ಬಡಿಸೋರು ಒಂದೇ ಕಡೆ, ತೊಳೆಯೋರು ಒಂದೇ ಕಡೆ, ಬಾಟಲಿ ಊರೆಲ್ಲ ಚೆದುರಲ್ಲ. ಅದಮ್ಯ ಚೇತನ ಸಂಸ್ಥೆಯವರು ತಟ್ಟೆ ಬ್ಯಾಂಕ್ ಅಂತ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡ್ತಿದ್ದಾರೆ, ಜನ ಒಯ್ದು ಬಳಸಿ ವಾಪಸ್ ಕೊಡ್ತಿದ್ದಾರೆ. ನೀರಿಗೆ ಬಾಟಲಿಯೇ ಬೇಡ, 20 ಲೀಟರ್ ಕ್ಯಾನು, ಸ್ಟೀಲ್ ಲೋಟ ಸಾಕು. ಜ್ಯೂಸ್, ಸೋಡಕ್ಕೆ 200 ಮಿಲಿಲೀಟರಿನ ಗಾಜಿನ ಬಾಟಲಿ, ಕ್ರೇಟಿನಲ್ಲಿ ಹೋಗಿ ಮಾರನೇ ದಿನ ಕ್ರೇಟಿನಲ್ಲೇ ವಾಪಸ್. ನಮ್ಮ ಘಟಕ ಊರ ಹೊರಗೇ ಇದೆ, ದೂರವೇನಿಲ್ಲ. ನಮ್ಮ ಹಳೆ ತೊಳೆಯೋ ಯಂತ್ರ ಮೂಲೆಯಲ್ಲಿ ನಿಂತಿದೆ, ಮಾರಿಬಿಡೋಣ ಅಂತಿದ್ದಾರೆ. ಅದನ್ನ ತಡೀಬೇಕು.

ಚಿಕ್ಕಪ್ಪ: ಅಡುಗೆ ಗುತ್ತಿಗೆಯವರು ಒಪ್ಪಲ್ಲ ಅಂತ ನಾನು ಹೇಳ್ತೀನಿ. ಬಾಟಲಿ ಇಟ್ರೆ ಅವರಿಗೆ ನೀರು ಬಡಿಸೋ ಆಳು ಉಳಿಯುತ್ತೆ. ಆ ಕೂಲಿಯನ್ನ ಲೆಕ್ಕಕ್ಕೆ ತಗೊಂಡೇ ದರ ಮಾತಾಡು, ಇಲ್ಲಾಂದ್ರೆ ಮೊದಲ ಮದುವೆಯಲ್ಲೇ ಮುರಿದು ಬೀಳುತ್ತೆ.

ಮಗಳು: ಸೇರಿಸಿಕೊಳ್ತೀನಿ. ಆಮೇಲೆ ಬೀದಿಗೆ ಬೀಳೋ ಅರ್ಧ ಲೀಟರ್ ಬಾಟಲಿಗೆ, ನಮ್ಮ ಪ್ರಮಾಣಪತ್ರದ ದುಡ್ಡಲ್ಲಿ ಒಂದು ಪಾಲನ್ನ ಇಲ್ಲಿಗೆ ತರಬಹುದಾ ಅಂತ ಕೇಳ್ತೀನಿ. ಕಾಗದ ಕೊಳ್ಳೋ ಬದಲು, ಇಂತಿಂಥ ವಾರ್ಡಿನ ಸಂಗ್ರಹಣಾ ಕೇಂದ್ರಕ್ಕೆ ಬಂದ ನಮ್ಮ ಬಾಟಲಿಗೆ ತಲಾ ಇಷ್ಟು ಅಂತ. ಗುರುತು ಹಿಡಿಯೋಕೆ ಬಾರ್‌ಕೋಡ್ ಇದ್ದೇ ಇದೆ.

ಚಿಕ್ಕಪ್ಪ: ಚಪ್ಪಟೆಯಾದ ಬಾಟಲಿ ಮೇಲೆ ಬಾರ್‌ಕೋಡ್ ಓದುತ್ತಾ?

ಮಗಳು: ಲೇಬಲ್ ಹರಿದಿದ್ರೆ ಓದಲ್ಲ.

ಚಿಕ್ಕಪ್ಪ: ಹಾಗಾದ್ರೆ ಗುರುತನ್ನ ಬಾಟಲಿಯ ಕುತ್ತಿಗೆ ಹತ್ತಿರ ಅಚ್ಚಲ್ಲೇ ಹಾಕಿಸಿ. ತುಳಿದಾಗ ನಜ್ಜುಗುಜ್ಜಾಗೋದು ಹೊಟ್ಟೆ, ಕುತ್ತಿಗೆ ದಪ್ಪ ಇರುತ್ತೆ, ಹಾಗೇ ಉಳಿಯುತ್ತೆ.

ಮಗಳು: ಇದು ನಮ್ಮ ಡಿಸೈನಿನವರಿಗೆ ಹೊಳೆದಿರೋದು ಕಷ್ಟ. ಬರ್ಕೊಳ್ತೀನಿ.

ಚಿಕ್ಕಪ್ಪ: ಇನ್ನೂ ಎರಡು ಬರ್ಕೊ. ದುಡ್ಡು ಅವತ್ತೇ ಕೈಗೆ ಬರಬೇಕು, ತಿಂಗಳ ಕೊನೆಗೆ ಬ್ಯಾಂಕಿಗೆ ಹಾಕ್ತೀವಿ ಅಂದ್ರೆ ಸಂಜೆ ಅಕ್ಕಿ ತರಬೇಕಾದವರಿಗೆ ಆಗಲ್ಲ. ಮತ್ತೆ, ಬಾಟಲಿ ಎಲ್ಲಿ ಸಿಕ್ತು, ಯಾರು ಕೊಂಡಿದ್ರು, ಬಿಲ್ ಎಲ್ಲಿ ಅಂತ ಇವರನ್ನ ಯಾರೂ ಕೇಳಬಾರದು.

ಮಗಳು: ತಲಾ ಎಷ್ಟು ಅಂತ ಕೇಳಲಿ ಚಿಕ್ಕಪ್ಪ? ಮೀಟಿಂಗಲ್ಲಿ ಮೊದಲು ಬರೋ ಪ್ರಶ್ನೆ ಅದೇ.

ಚಿಕ್ಕಪ್ಪ: ಅದನ್ನ ನಾನು ಹೇಳೋದು ಬೇಡ. ಬಾ, ಆ ಮೂಲೇಲಿ ಕೂತು ವಿಂಗಡಿಸ್ತಿದ್ದಾರಲ್ಲ, ಅವರನ್ನೇ ಕೇಳು. ಯಾವ ಮೊತ್ತಕ್ಕೆ ಚಿಕ್ಕ ಬಾಟಲಿಯನ್ನೂ ಬಿಡದೆ ಎತ್ತುತಾರೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.